ಬಸರೂರಿನ ಹಲರು

ಅತ್ತಿಗುಂಡಿಯ ಮೇಲೆ ಸುರಿದ ಮಳೆಯ ನೀರು ಮೂಡಣ ಕಡಲಿಗೆ ಸೇರತಕ್ಕದ್ದು. ಬಾಬಾಬುಡನ್ ಗಿರಿಯ ಒಂದು ಪಾರ್ಶ್ವದ ಹಳ್ಳಗಳು ವೇದಾವತಿಯನ್ನು ಕೂಡಿದರೆ ಮತ್ತೊಂದು ಪಾರ್ಶ್ವದವು ಭದ್ರೆಯನ್ನು ಕೂಡುವುವು. ಎರಡೂ ಕಡೆಗೆ ತುಂಗಭದ್ರೆಯಲ್ಲಿ ಒಂದಾಗಿ, ಕೃಷ್ಣೆಯನ್ನು ಹೊಕ್ಕು, ಬಂಗಾಳ ಕೊಲ್ಲಿಯನ್ನು ಮುಟ್ಟುವುವು. ಆದರೆ ಈ ಗಿರಿಯ ಸರಕು ಈ ನೀರಿನ ದಾರಿಯನ್ನು ಹಿಡಿಯಲಿಲ್ಲ. ಮೆಣಸಾಗಲಿ, ಏಲಕ್ಕಿಯಾಗಲಿ, ಈಚಿನ ಇನ್ನೂರು ವರ್ಷಗಳಲ್ಲಿ ಕಾಫಿಯಾಗಲಿ, ನೀರಿಗೆ ಬೆನ್ನುಹಾಕಿ ಘಟ್ಟವನ್ನಿಳಿದು ಪಡುವಣ ಕಡಲಿಗೆ ಹೋದುದೇ ಹೆಚ್ಚು. ಕಾಫಿಯು ಬಂದುದೂ ಆ ದಿಕ್ಕಿನಿಂದಲೇ. 17ನೆಯ ಶತಮಾನದಲ್ಲಿ ಬಾಬಾ ಬುಡನರು ಅರಬಸ್ಥಾನದ ಮೋಖಾ ಬಂದರದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದ ಮೇಲೆ ಊರಿದರೆಂಬ ಐತಿಹ್ಯವನ್ನು ನಮ್ಮಲ್ಲಿ ಕೇಳದ ಮಕ್ಕಳಿಲ್ಲ. ಆ ಬೀಜಗಳು ಯಾವ ಕಡಲನ್ನು ದಾಟಿ ಬಂದುವೋ ಅದೇ ಕಡಲಿನ ಮೇಲೆ ಅದಕ್ಕೂ ಮುನ್ನೂರು ವರ್ಷ ಹಿಂದಿನಿಂದ ಕನ್ನಡಿಗರ ಅಕ್ಕಿ ಅರಬಸ್ಥಾನಕ್ಕೆ ಹೋಗುತ್ತಿತ್ತು. ಆ ಅಕ್ಕಿಯನ್ನು ಕಳುಹಿಸಿದ ಪಟ್ಟಣಗಳನ್ನು ಘಟ್ಟದ ಮೇಲಿನ ನಾವು ಮರೆತಿದ್ದೇವೆ. ಅಂತಹ ಪಟ್ಟಣಗಳಲ್ಲಿ ಒಂದಾದ ಬಸರೂರಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂಬುದು ಈ ಲೇಖನದ ಉದ್ದೇಶ.

ಬಸರೂರು ಕುಂದಾಪುರಕ್ಕೆ ಮೂಡಲಲ್ಲಿ ಸುಮಾರು ನಾಲ್ಕು ಮೈಲಿಯ ದೂರದಲ್ಲಿ, ವಾರಾಹಿ ಹೊಳೆಯ ದಂಡೆಯ ಮೇಲೆ ಇದೆ. ನಮ್ಮ ಕಡೆಯಿಂದ ಹೋಗತಕ್ಕವರು ಚಿಕ್ಕಮಗಳೂರಿನಿಂದ ಬಾಳೆಹೊನ್ನೂರು, ಶೃಂಗೇರಿಗಳ ಮೇಲೆ ಆಗುಂಬೆಗೆ ಬಂದು, ಹದಿನಾಲ್ಕು ತಿರುವುಗಳ ಘಟ್ಟವನ್ನಿಳಿದು, ಸೋಮೇಶ್ವರ, ಹೆಬ್ರಿಗಳನ್ನು ದಾಟಿ ಕರಾವಳಿಯನ್ನು ಸೇರಬಹುದು. ಹಳೆಯ ವರ್ತಕರ ದಾರಿಯಾದರೋ ಇದಲ್ಲ. ಅದು ಇನ್ನೂ ಬಡಗಲ ದಾರಿ. ಕೆಳದಿಯ ಅರಸರ ಬಿದನೂರಿನಿಂದ ಹೊರಟ ಎತ್ತಿನ ಹೇರುಗಳು ಹೊಸಂಗಡಿಯ ಘಟ್ಟವನ್ನಿಳಿದು, ಸಿದ್ದಾಪುರ ಹಾಲಾಡಿಗಳ ಮೇಲೆ ವಾರಾಹಿಯ ಬದಿಯನ್ನೇ ಹಿಡಿದು ಬಸರೂರಿಗೆ ಬರುತ್ತಿದ್ದುವು. ಇಲ್ಲಿಂದ ಮುಂದಕ್ಕೆ ಎತ್ತಿಗೆ ಕೆಲಸವಿಲ್ಲ, ದೋಣಿಗೆ ಕೆಲಸ. ವಾರಾಹಿಯು ಕೆಳಗೆ ಸೌಪರ್ಣಿಕೆ ಮೊದಲಾದ ಹೊಳೆಗಳನ್ನು ಕೂಡಿಕೊಂಡು ಪಂಚಗಂಗಾವಳಿಯೆನ್ನಿಸಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಕಡಲ ಉಬ್ಬರವು ಹೊಳೆಯಲ್ಲಿ ಬಸರೂರಿನವರೆಗೂ ಏರಿಬರುವುದರಿಂದ, ಉಬ್ಬರದೊಡನೆ ದೋಣಿಗಳು ಮೇಲಕ್ಕೆ ಬಂದು ಇಳಿತದೊಡನೆ ಕೆಳಕ್ಕೆ ಹೋಗಬಹುದಾಗಿತ್ತು. ಕಡಲಗಾಳಿಗೂ ಕಡಲಗಳ್ಳರಿಗೂ ನಾಲ್ಕು ಮೈಲಿ ದೂರ. ಘಟ್ಟದ ಎತ್ತಿಗೆ ನಾಲ್ಕು ಮೈಲಿ ಹತ್ತಿರ. ಊರನ್ನು ಇಲ್ಲಿ ಕಟ್ಟಿದವರು ಲೆಕ್ಕ ತಿಳಿದವರೆಂಬುದರಲ್ಲಿ ಸಂದೇಹವಿಲ್ಲ.

ಇಂದು ಊರನ್ನು ಪ್ರವೇಶಿಸುವವನಿಗೆ ಮೊದಲು ಕಣ್ಣಿಗೆ ಬೀಳುವುದು ಕೇರಿಗಳು ಮತ್ತು ದೇವಾಲಯಗಳು. ಮೂಡುಕೇರಿ, ಪಡುಕೇರಿ, ಮಂಡಿಕೇರಿ, ವಿಲಾಸಕೇರಿ, ರಾವುತಕೇರಿ ಎಂಬ ಹೆಸರುಗಳೇ ಊರಿನ ಚರಿತ್ರೆಯನ್ನು ಅರ್ಧ ಹೇಳಿಬಿಡುವುವು. ಮಂಡಿಯಿದ್ದುದರಿಂದ ಮಂಡಿಕೇರಿ, ಕುದುರೆಯವರಿದ್ದುದರಿಂದ ರಾವುತಕೇರಿ. ವಿಲಾಸಕೇರಿಯ ಅರ್ಥವನ್ನು ವಾಚಕರ ಊಹೆಗೆ ಬಿಡುತ್ತೇನೆ. ಮಹಾಲಿಂಗೇಶ್ವರನ ಗುಡಿಯು ಊರಿನ ಮುಖ್ಯ ದೇವಾಲಯ. ತುಳುವೇಶ್ವರನ ಗುಡಿಯದು ಮತ್ತೊಂದು ಬಗೆ: ಮುರಕಲ್ಲಿನ ಗೋಡೆಗಳನ್ನು ಆಲದ ಬೇರುಗಳು ಎಲ್ಲ ಕಡೆಯಿಂದಲೂ ಹಿಡಿದುಕೊಂಡು, ಗೋಡೆ ಯಾವುದು ಬೇರು ಯಾವುದೆಂದು ತಿಳಿಯದಂತಾಗಿದೆ, ಒಳಗೆ ಲಿಂಗಕ್ಕೆ ಮರವೇ ಗರ್ಭಗೃಹ. ಪಟ್ಟಣದ ವೈಭವವು ಅಳಿಯಿತೆಂದು ಶೋಕಿಸುವವರು ಇಲ್ಲಿ ನಿಂತು ಶೋಕಿಸುವುದು ವಾಡಿಕೆ. ನನಗಂತೂ ಅಲ್ಲಿ ಶೋಕಕ್ಕಿಂತ ಕುತೂಹಲವೇ ಹೆಚ್ಚಾಯಿತು. ಇಷ್ಟು ಗುಡಿಗಳನ್ನು ಕಟ್ಟಿಸಿದ ಜನರ ಮನೆಗಳೆಲ್ಲಿ?

ಈ ಪ್ರಶ್ನೆಗೆ ಬರುವ ಮುನ್ನ ಆ ಜನರು ಯಾರೆಂಬುದನ್ನು ನೋಡಬೇಕು.

ಕ್ರಿ. ಶ. 1342ರ ಸುಮಾರಿನಲ್ಲಿ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತನು 'ಅಬೂ ಸರೂರ್' ಎಂಬ ಒಂದು ಚಿಕ್ಕ ಪಟ್ಟಣವನ್ನು ಹೆಸರಿಸಿದ್ದಾನೆ. ದೊಡ್ಡ ಅಳಿವೆಯ ಬದಿಯಲ್ಲಿದೆ, ತೆಂಗು ಹೇರಳವಾಗಿದೆಯೆಂದು ಅವನ ವರ್ಣನೆ. ಇದೇ ನಮ್ಮ ಬಸರೂರು. ಅಲ್ಲಿಂದ ಮುಂದೆ ಅವನು 'ಫಾಕನೂರ'ನ್ನು, ಎಂದರೆ ಬಾರಕೂರನ್ನು, ಸೇರಿದನು. ಬಾರಕೂರಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವೆಂದೂ, ಅವುಗಳ ನಾಯಕನು ಒಬ್ಬ ಮುಸಲ್ಮಾನನೆಂದೂ, ಆ ದಾರಿಯಲ್ಲಿ ಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ 'ಬಂದರದ ಹಕ್ಕ'ನ್ನು ಸಲ್ಲಿಸಿಯೇ ಮುಂದುವರಿಯಬೇಕಾಗಿತ್ತೆಂದೂ ಅವನು ಬರೆದಿದ್ದಾನೆ. ಇನ್ನೂ ಕೆಳಗಡೆ ಮಲೆಯಾಳ ದೇಶದ ಹಿಲಿ, ಎಂದರೆ ಏಳುಮಲೆಯವರೆಗೆ ಚೀನದ ಹಡಗುಗಳು ಬರುತ್ತಿದ್ದುವೆಂದೂ ಅದಕ್ಕಿಂತ ಬಡಗಲಿಗೆ ಅವು ಬಾರವೆಂದೂ ಅವನ ಮಾತು. ಆದುದರಿಂದ ಚೀನದ ರೇಷ್ಮೆಯೂ ಪಿಂಗಾಣಿಯೂ ಈ ಭಾಗಕ್ಕೆ ಬರಬೇಕಾದರೆ ಅಲ್ಲಿಂದ ದೇಶೀಯರ ದೋಣಿಗಳಲ್ಲಿಯೇ ಬರಬೇಕಾಗಿತ್ತು. ಚೀನದವರು ತಮ್ಮ ಹಡಗಿನಲ್ಲಿ ಬಸರೂರಿಗೆ ಬರಲಿಲ್ಲ; ಅರಬರು ಬಂದರು.

ಅರಬರು ಬಂದುದು ಮುಖ್ಯವಾಗಿ ಅಕ್ಕಿಗೆ. ಮಲೆಯಾಳದ ಮೆಣಸಿನ ಕಥೆಯು ಎಲ್ಲರಿಗೂ ಗೊತ್ತು. ಕನ್ನಡ ತೀರದ ಅಕ್ಕಿಯ ಕಥೆಯು ಅಷ್ಟಾಗಿ ಗೊತ್ತಿಲ್ಲ. ಮೆಣಸು ಇಲ್ಲದೆ ಮನುಷ್ಯನು ಬದುಕಬಲ್ಲನು. ಅಕ್ಕಿಯಿಲ್ಲದೆ ಮಲೆಯಾಳದ ಬಂದರಗಳೂ ಗೋವೆಯ ಕೋಟೆಗಳೂ ಅರಬಸ್ಥಾನದ ಮರಳು ಪಟ್ಟಣಗಳೂ ಬದುಕಲಾರದೆ ಹೋಗುತ್ತಿದ್ದುವು. 16ನೆಯ ಶತಮಾನದ ಆದಿಯಲ್ಲಿ ಈ ತೀರವನ್ನು ವರ್ಣಿಸಿದ ಪೋರ್ಚುಗೀಸ್ ಗ್ರಂಥಕರ್ತ ದುವಾರ್ತೆ ಬಾರ್ಬೋಸನು ಬಸರೂರು ಬಾರಕೂರುಗಳೆರಡನ್ನೂ ಒಟ್ಟಿಗೆ ಹೆಸರಿಸಿ, ಅಲ್ಲಿ ಒಳ್ಳೆಯ ಅಕ್ಕಿಯು ಹೇರಳವೆಂದೂ, ಮಲೆಯಾಳದಿಂದಲೂ ಹೊರ್ಮುಜ್, ಏಡನ್ ಮೊದಲಾದ ಕಡೆಗಳಿಂದಲೂ ಬಂದ ಹಡಗುಗಳು ಅದನ್ನು ತುಂಬಿಕೊಂಡು ಹೋಗುವುವೆಂದೂ ಹೇಳುತ್ತಾನೆ. ಬಸರೂರಿಗೆ ಬಡಗಲಿರುವ ಬೈಂದೂರಿನ ವಿಷಯದಲ್ಲಿ ಇವನು ಇನ್ನೂ ವಿವರವಾಗಿ ಬರೆದು, ವರ್ಷಕ್ಕೆ ಎರಡು ಬೆಳೆ, ಅಕ್ಕಿಯಲ್ಲಿ ನಾಲ್ಕು ಜಾತಿ, ಒಂದೊಂದಕ್ಕೆ ಒಂದೊಂದು ಬೆಲೆ ಎಂದು ಜಾತಿಗಳ ಹೆಸರನ್ನು ಸಹ ಕೊಟ್ಟಿದ್ದಾನೆ. ಅವುಗಳಲ್ಲಿ ಮೊದಲನೆಯ 'ಜಿರಸಾಲ್' ನಮ್ಮ ಜೀರಸಾಲೆ. ಕಡೆಯ 'ಪಚರಿ'ಯು ಮಲೆಯಾಳದವರು ಇಂದಿಗೂ ಬೆಳ್ತಿಗೆ ಅಕ್ಕಿಗೆ ಹೇಳುವ ಹೆಸರು. ಲಿಸ್ಬನ್ನಿನವನೊಬ್ಬನು ಐನೂರು ವರ್ಷಗಳ ಹಿಂದೆ ಜೀರಸಾಲೆಯ ಹೆಸರನ್ನು ಬರೆದಿಟ್ಟಿರುವಾಗ ನಮ್ಮ ಮನೆಯ ಮಕ್ಕಳಿಗೆ ಅದು ತಿಳಿಯದಿರುವುದು ಸ್ವಲ್ಪ ನಾಚಿಕೆಯ ಸಂಗತಿಯೇ.

ಅಕ್ಕಿಯನ್ನು ಸಾಗಿಸುತ್ತಿದ್ದ ರೀತಿಯನ್ನೂ ಆ ಕಾಲದ ಬರೆಹಗಳಿಂದ ತಿಳಿಯಬಹುದು. ಹುಲ್ಲಿನಿಂದ ಬಿಗಿದ ದುಂಡುಗಟ್ಟುಗಳಲ್ಲಿ ಅಕ್ಕಿಯನ್ನು ತುಂಬುವರೆಂದು ಪರದೇಶದವರು ಬೆರಗಿನಿಂದ ಬರೆದಿದ್ದಾರೆ. ಅವರು 'ಫಾರ್ದು' ಎಂದು ಎಣಿಸಿದ ಆ ಕಟ್ಟು ಕರಾವಳಿಯ ಅಕ್ಕಿಮುಡಿಯೇ ಹೊರತು ಬೇರೆಯಲ್ಲ. ಮುಡಿಗೆ ಸುಮಾರು 42 ಸೇರು. ಬತ್ತದ ಹುಲ್ಲಿನ ಹಗ್ಗ, ಹುಲ್ಲಿನದೇ ಹೊದಿಕೆ. ಒಳಗೆ ಅಕ್ಕಿಯು ಹುಳುಹಿಡಿಯದೆ ಒಂದೆರಡು ಮಳೆಗಾಲಗಳನ್ನು ಕಳೆಯುವುದು. ಕಟ್ಟುವ ವಿದ್ಯೆಯನ್ನು ಬಲ್ಲ ಮುದುಕರು ಕರಾವಳಿಯಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಗೋಣಿಯೂ ಪ್ಲಾಸ್ಟಿಕ್ ಚೀಲವೂ ಬಂದ ಮೇಲೆ ಅವರಿಗೆ ಕೆಲಸ ಕಡಮೆಯಾಗಿ, ಮುಡಿಯು ಈಗ ಮದುವೆಯ ಮನೆಗಳಲ್ಲಿಯೂ ಪ್ರದರ್ಶನಗಳಲ್ಲಿಯೂ ಅಲಂಕಾರಕ್ಕೆ ಕಾಣಿಸುತ್ತದೆ.

ಈ ವ್ಯಾಪಾರವನ್ನು ನಡೆಸಿದವರು ಬಸರೂರಿನ ಸೆಟ್ಟಿಕಾರರು. ವಿಜಯನಗರದ ಅರಸರ ಕಾಲದಲ್ಲಿ ಬಸರೂರು ಬಾರಕೂರು ರಾಜ್ಯಕ್ಕೆ ಸೇರಿದ್ದಿತು. ಬಾರಕೂರಿನಲ್ಲಿ ಚಕ್ರವರ್ತಿಯ ಅಧಿಕಾರಿಯಿರುತ್ತಿದ್ದನು. ಆದರೆ ಊರಿನ ಶಾಸನಗಳನ್ನು ಓದಿದರೆ ದಿನದಿನದ ಆಡಳಿತವು ಅಧಿಕಾರಿಯ ಕೈಯಲ್ಲಿದ್ದಂತೆ ತೋರುವುದಿಲ್ಲ. ಮೂಡುಕೇರಿಯ ಹಲರು, ಪಡುವಕೇರಿಯ ಹಲರು, ಸೆಟ್ಟಿಕಾರರು, ನಖರ, ಹಂಜಮಾನ – ಇವೇ ಮೇಲಿಂದ ಮೇಲೆ ಬರುವ ಹೆಸರುಗಳು. ದೇವರಿಗೆ ದತ್ತಿ ಬಿಟ್ಟವರು ಇವರು, ಬಂದ ಸರಕಿನ ಮೇಲೆ ಇಷ್ಟಿಷ್ಟು ಕೊಡತಕ್ಕದ್ದೆಂದು ಕಟ್ಟಳೆ ಮಾಡಿದವರು ಇವರು, ಅದಕ್ಕೆ ತಪ್ಪಿ ನಡೆದವರನ್ನು ಕೇಳತಕ್ಕವರೂ ಇವರೇ.

'ಹಲರು' ಎಂಬ ಮಾತು ನನಗೆ ಬಹಳ ಹಿಡಿಸಿತು. ಹಲವರು ಎಂದೇ ಇದರ ಅರ್ಥ. ಗಣ, ಸಂಘ, ಶ್ರೇಣಿ ಮೊದಲಾದ ಸಂಸ್ಕೃತ ಶಬ್ದಗಳು ಕೈಗೆಟಕುವಂತಿದ್ದರೂ ಈ ವರ್ತಕರು ತಮ್ಮ ಸಭೆಗೆ ಹಲರೆಂದು ಅಚ್ಚಗನ್ನಡದ ಹೆಸರನ್ನಿಟ್ಟುಕೊಂಡರು. ಒಬ್ಬನಲ್ಲ, ಹಲಬರು, ಅಷ್ಟೇ. ಅದರ ಮಗ್ಗುಲಲ್ಲಿಯೇ ನಿಂತಿರುವ 'ಹಂಜಮಾನ'ವೆಂಬ ಮಾತಾದರೋ ದೂರದಿಂದ ಬಂದುದು. ಪಾರಸಿಯ 'ಅಂಜುಮನ್' ಎಂಬ ಶಬ್ದವೇ ಕನ್ನಡಿಗರ ನಾಲಗೆಯಲ್ಲಿ ಹೀಗಾಗಿದೆ; ಹೊರದೇಶದ ವರ್ತಕರ, ವಿಶೇಷವಾಗಿ ಮುಸಲ್ಮಾನ ವರ್ತಕರ, ಸಮೂಹಕ್ಕೆ ಈ ತೀರದ ಬಂದರಗಳಲ್ಲಿ ಈ ಹೆಸರು ಸಲ್ಲುತ್ತಿತ್ತು. ಬಾರಕೂರು, ಭಟ್ಕಳ, ಹೊನ್ನಾವರಗಳಲ್ಲಿಯೂ ಹಂಜಮಾನದವರಿದ್ದರು. ಹಲರೂ ಹಂಜಮಾನವೂ ಒಂದೇ ಶಿಲೆಯ ಮೇಲೆ ಅಕ್ಕಪಕ್ಕದಲ್ಲಿ ಬರುವಾಗ ಊರಿನ ಬೀದಿಯು ಹೇಗಿದ್ದಿರಬೇಕೆಂದು ಸ್ವಲ್ಪಮಟ್ಟಿಗೆ ಊಹಿಸಬಹುದು. ಶಾಸನಗಳ ಸಾಕ್ಷ್ಯವನ್ನು ಪರದೇಶದವರ ಸಾಕ್ಷ್ಯವೂ ಪುಷ್ಟಿಗೊಳಿಸುತ್ತದೆ. ಪೋರ್ಚುಗೀಸ್ ಇತಿಹಾಸಕಾರ ದಿಯೋಗು ದು ಕೌತು ಎಂಬವನು ಬಸರೂರನ್ನು ಸೆಟ್ಟಿಗಳು ತಾವೇ ಆಳಿಕೊಳ್ಳುತ್ತಿದ್ದ ಒಂದು ಗಣರಾಜ್ಯದಂತಹ ಪಟ್ಟಣವೆಂದು ವರ್ಣಿಸಿರುವನು. ಚಕ್ರವರ್ತಿಗೆ ಕಪ್ಪವನ್ನು ಕೊಟ್ಟು ಉಳಿದುದನ್ನು ತಾವೇ ನೋಡಿಕೊಳ್ಳುವುದು ಅವರ ನೀತಿ. ಘಟ್ಟದ ಮೇಲೆ ಕಳಸದಿಂದ ಕೆಳಗೆ ಕಾರ್ಕಳದವರೆಗೆ ಆಳಿದ ಭೈರರಸರಂತಹ ಮನೆತನಗಳು ಮಲೆಯನ್ನೂ ಕರಾವಳಿಯನ್ನೂ ಒಂದೇ ಕತ್ತಿಯಿಂದ ಕಟ್ಟಿದ್ದ ಕಾಲದಲ್ಲಿ, ಇವರು ತಕ್ಕಡಿಯಿಂದ ಅದೇ ಕೆಲಸವನ್ನು ಮಾಡುತ್ತಿದ್ದರು.

ತಕ್ಕಡಿಯವರ ದುರವಸ್ಥೆಯೂ ಅಲ್ಲಿಯೇ ಇತ್ತು. 1565ರಲ್ಲಿ ವಿಜಯನಗರವು ಮುರಿದುಬಿದ್ದಿತು. ನಾಲ್ಕೇ ವರ್ಷಗಳಲ್ಲಿ, 1569ರಲ್ಲಿ, ಗೋವೆಯ ಪೋರ್ಚುಗೀಸ್ ವೈಸರಾಯನಾದ ಲೂಯಿಸ್ ದೆ ಅತಾಯ್ದನು ಹೊನ್ನಾವರವನ್ನೂ ಬಸರೂರನ್ನೂ ಹಿಡಿದು ಹೊಳೆಯ ಕೆಳಭಾಗದಲ್ಲಿ ಕೋಟೆಯನ್ನು ಕಟ್ಟಿಸಿದನು. ಅಂದಿನಿಂದ ಪರದೇಶದವರ ನಕ್ಷೆಗಳಲ್ಲಿ ಎರಡು 'ಬಾರ್ಸೆಲೋರ್'ಗಳಾದುವು: ಸಮುದ್ರದ ಕಡೆಗೆ ಪೋರ್ಚುಗೀಸರ ಕೆಳಗಿನ ಬಸರೂರು, ಒಳನಾಡಿನಲ್ಲಿ ಸೆಟ್ಟಿಗಳ ಮೇಲಿನ ಬಸರೂರು. ಪೋರ್ಚುಗೀಸರಿಗೆ ಊರನ್ನು ಆಳುವ ಆಸೆ ಅಷ್ಟಾಗಿ ಇರಲಿಲ್ಲ; ಅಕ್ಕಿ ತಪ್ಪದೆ ಬರಬೇಕು, ತಮ್ಮ ರಹದಾರಿಯ ಚೀಟಿಯಿಲ್ಲದೆ ಯಾವ ಹಡಗೂ ಅಳಿವೆಯನ್ನು ದಾಟಕೂಡದು, ಇಷ್ಟೇ. ಗಣರಾಜ್ಯದ ಕುತ್ತಿಗೆಯನ್ನು ಹಿಡಿಯುವುದಕ್ಕೆ ಇಷ್ಟೇ ಸಾಕಾಯಿತು.

1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆಯೆಂಬ ಇಟಾಲಿಯನ್ ಪ್ರವಾಸಿಯು ಇಲ್ಲಿಗೆ ಬಂದನು. ಮೆಣಸಿನ ಕರಾರು ಮೊದಲಾದ ವಿಷಯಗಳನ್ನು ಮಾತನಾಡಲು ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಅವನು ಘಟ್ಟವನ್ನು ಹತ್ತಿದ್ದನು. ಹಿಂದಿರುಗುವಾಗ ಘಟ್ಟವನ್ನಿಳಿದು ಮೇಲಿನ ಬಸರೂರನ್ನು ಕಂಡು, ಅಲ್ಲಿಂದ ಕೆಳಗಿನ ಬಸರೂರಿಗೂ ಅನಂತರ ಮಂಗಳೂರಿಗೂ ಹೋದನು. ಮೇಲಿನ ಊರು ವೆಂಕಟಪ್ಪನಾಯಕನದು, ಕೆಳಗಿನದು ಪೋರ್ಚುಗೀಸರದು ಎಂದು ಅವನು ಸ್ಪಷ್ಟವಾಗಿ ಬರೆದಿರುವನು. ಹಲರು ಇಬ್ಬರು ಯಜಮಾನರ ನಡುವೆ ಸಿಕ್ಕಿಕೊಂಡಿದ್ದರು. ಕೆಳಗಿನ ಯಜಮಾನನಾದರೂ ಬಹುಕಾಲ ಉಳಿಯಲಿಲ್ಲ. 1652ರಿಂದ 1654ರ ವರೆಗಿನ ಅವಧಿಯಲ್ಲಿ ಕೆಳದಿಯ ಶಿವಪ್ಪನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಕೋಟೆಗಳನ್ನೆಲ್ಲ ಪೋರ್ಚುಗೀಸರಿಂದ ಕಿತ್ತುಕೊಂಡನು.

ಈ ವರ್ಷಗಳನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಏಕೆಂದರೆ ಮುಂದಿನ ಸಂಗತಿಯ ವಿಷಯದಲ್ಲಿ ಈಚೆಗೆ ಕೆಲವು ಮಾತುಗಳು ಹರಡುತ್ತಿವೆ. 1665ರ ಫೆಬ್ರವರಿಯಲ್ಲಿ ಶಿವಾಜಿಯು 85 ಸಣ್ಣ ಹಡಗುಗಳನ್ನೂ 3 ದೊಡ್ಡ ಹಡಗುಗಳನ್ನೂ ಕೂಡಿಸಿಕೊಂಡು ಮಾಲವಣದ ಕಡೆಯಿಂದ ಹೊರಟು, ಗೋವೆಯನ್ನು ಬದಿಗಿಟ್ಟು, ಬಸರೂರಿನ ಮೇಲೆ ಬಿದ್ದನು. ಪಟ್ಟಣವು ಎಚ್ಚರಗೊಳ್ಳುವುದರೊಳಗಾಗಿ ಕೆಲಸವು ಮುಗಿದಿತ್ತು. ಅಲ್ಲಿಂದ ಗೋಕರ್ಣಕ್ಕೆ ಹೋಗಿ ಶಿವರಾತ್ರಿಯಲ್ಲಿ ದೇವರ ದರ್ಶನವನ್ನು ಮಾಡಿ, ಅಂಕೋಲೆಯ ಮೇಲೆ ಕಾರವಾರಕ್ಕೆ ಬಂದು, ಅಲ್ಲಿಯ ವರ್ತಕರಿಂದಲೂ ಹಣವನ್ನು ಪಡೆದನು; ಕಾರವಾರದ ಇಂಗ್ಲಿಷ್ ಕೋಠಿಯವರು ತಮ್ಮ ಪಾಲಿಗೆ 112 ಪೌಂಡುಗಳನ್ನು ತೆತ್ತು ತಪ್ಪಿಸಿಕೊಂಡರು. ಹಡಗುಗಳ ಲೆಕ್ಕವೂ ಹಣದ ಲೆಕ್ಕವೂ ಇಂಗ್ಲಿಷರ ಕಾಗದಗಳಿಂದಲೇ ನಮಗೆ ತಿಳಿದುಬಂದಿವೆ. ಶಿವಾಜಿಯು ಜೀವಮಾನದಲ್ಲಿ ಸ್ವತಃ ನಡೆಸಿದ ದೊಡ್ಡ ನೌಕಾಯಾತ್ರೆ ಇದು. ಹಿಂದಿನ ವರ್ಷದ ಸೂರತ್ತಿನ ಲೂಟಿಯಂತೆ ಇದರ ಉದ್ದೇಶವೂ ಮೊಗಲರೊಡನೆ ನಡೆಯುತ್ತಿದ್ದ ಯುದ್ಧಕ್ಕೆ ಹಣವನ್ನು ಕೂಡಿಸುವುದೇ ಆಗಿತ್ತು.

ಪೋರ್ಚುಗೀಸರ ಬಂಧನದಿಂದ ಬಸರೂರನ್ನು ಬಿಡಿಸುವುದಕ್ಕಾಗಿ ಶಿವಾಜಿಯು ಬಂದನೆಂದು ಈಗ ಕೆಲವರು ಹೇಳುವುದುಂಟು. ಆ ಮಹಾಪುರುಷನ ಕೀರ್ತಿಗೆ ಈ ಕಥೆಯ ಅವಶ್ಯಕತೆಯಿಲ್ಲ. 1665ರಲ್ಲಿ ಪೋರ್ಚುಗೀಸರ ಕೋಟೆಯು ಬಿದ್ದು ಹತ್ತು ವರ್ಷಗಳಿಗೂ ಮೇಲಾಗಿತ್ತು. ಊರು ಕೆಳದಿಯ ಅರಸರ ಅಧೀನದಲ್ಲಿತ್ತು. 1660ರಲ್ಲಿ ಶಿವಪ್ಪನಾಯಕನು ತೀರಿಕೊಂಡ ಮೇಲೆ ಕೆಳದಿಯ ಸಿಂಹಾಸನದ ಮೇಲೆ ಕೆಲವೇ ವರ್ಷಗಳಲ್ಲಿ ಒಬ್ಬರ ಹಿಂದೊಬ್ಬರು ಬಂದುಹೋಗಿ, ಕರಾವಳಿಯನ್ನು ಕಾಯುವ ಕೈ ಸಡಿಲವಾಗಿದ್ದಿತು. ಸಂಪತ್ತಿದ್ದು ಕಾವಲಿಲ್ಲದ ಊರಿನ ಮೇಲೆ ಯುದ್ಧಕ್ಕೆ ಹಣ ಬೇಕಾದ ಒಬ್ಬ ಸಮರ್ಥ ರಾಜನು ಬಿದ್ದನು. ಇದರಲ್ಲಿ ಬಸರೂರಿನವರಿಗೆ ಬಿಡುಗಡೆ ಯಾವುದು? ಚರಿತ್ರೆಯನ್ನು ಬರೆಯುವಾಗ ದೋಚಿಸಿಕೊಂಡವರ ಕಡೆಗೂ ಒಮ್ಮೆ ತಿರುಗಿ ನೋಡುವುದು ನ್ಯಾಯ.

ಇನ್ನು ಕೆಲವರು ಇದಕ್ಕೆ ವಿರುದ್ಧವಾದ ಅತಿಶಯೋಕ್ತಿಗೆ ಹೋಗಿ, ಆ ಒಂದು ದಿನದ ಲೂಟಿಯಿಂದಲೇ ಬಸರೂರು ಸತ್ತಿತೆನ್ನುವರು. ಇದೂ ಸರಿಯಲ್ಲ. ಆ ಬಳಿಕವೂ ಡಚ್ಚರು ಇಲ್ಲಿ ವ್ಯಾಪಾರದ ಕೋಠಿಯನ್ನು ಇಟ್ಟುಕೊಂಡಿದ್ದರು. 18ನೆಯ ಶತಮಾನದ ಆದಿಯಲ್ಲಿ ಈ ತೀರದ ವಿವರಗಳನ್ನು ಬರೆದ ನಾವಿಕ ಅಲೆಗ್ಜಾಂಡರ್ ಹ್ಯಾಮಿಲ್ಟನ್ನನು ಬಸರೂರು ಕಡಲಿನಿಂದ ನಾಲ್ಕು ಮೈಲಿ ಒಳಗೆ ಅಗಲವಾದ ಹೊಳೆಯ ದಂಡೆಯಲ್ಲಿದೆಯೆಂದೂ, ಮಲೆಯಾಳದ ತಮ್ಮ ಕೋಟೆಗಳಿಗೆ ಅಕ್ಕಿಯನ್ನು ಒದಗಿಸುವುದಕ್ಕಾಗಿ ಡಚ್ಚರು ಇಲ್ಲಿದ್ದಾರೆಂದೂ, ಇಲ್ಲಿಯ ಅಕ್ಕಿಯು ಮಸ್ಕತ್ತಿಗೆ ಹೋಗುವುದೆಂದೂ ಹೇಳಿರುವನು. ಲೂಟಿಯಾಗಿ ಐವತ್ತು ವರ್ಷಗಳ ಮೇಲೂ ಮಸ್ಕತ್ತಿಗೆ ಅಕ್ಕಿ ಕಳುಹಿಸುತ್ತಿದ್ದ ಊರನ್ನು ಸತ್ತ ಊರೆನ್ನಬಹುದೆ?

ನನ್ನ ಅಭಿಪ್ರಾಯದಲ್ಲಿ ಬಸರೂರನ್ನು ಯಾವ ಶತ್ರುವೂ ಕೊಲ್ಲಲಿಲ್ಲ; ದಾರಿಗಳು ಬದಲಾದುವು. 1763ರಲ್ಲಿ ಹೈದರನು ಬಿದನೂರನ್ನು ಹಿಡಿದನು. ಬಿದನೂರಿನ ಅರಮನೆಯು ಬರಿದಾದ ಮೇಲೆ ಹೊಸಂಗಡಿಯ ಘಟ್ಟದಲ್ಲಿ ಹೇರೆತ್ತುಗಳ ಗಂಟೆಯ ಶಬ್ದವೂ ಕಡಮೆಯಾಗಿರಬೇಕು. ಹೈದರನೂ ಟಿಪ್ಪುವೂ ನೌಕಾಬಲಕ್ಕೆ ಮಂಗಳೂರನ್ನು ನೆಚ್ಚಿದರು. 1799ರ ಮೇಲೆ ಇಂಗ್ಲಿಷರ ಕಾಲದಲ್ಲಿ ಕಚೇರಿಗಳು ಅಳಿವೆಯ ಬದಿಯ ಕುಂದಾಪುರಕ್ಕೆ ಬಂದುವು. ಹಡಗುಗಳು ದೊಡ್ಡದಾದಷ್ಟೂ ಹೊಳೆಯ ಒಳಗಿನ ಬಂದರಗಳಿಗೆ ಬೆಲೆ ಕಡಮೆಯಾಗತಕ್ಕದ್ದೇ. 19ನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಗಿರಿಯ ಕಾಫಿಯೂ ಈ ಬದಲಾವಣೆಗೆ ತನ್ನ ಕೈಲಾದುದನ್ನು ಮಾಡಿತೆಂದು ಒಪ್ಪಿಕೊಳ್ಳಬೇಕು. ಚಾರ್ಮಾಡಿಯ ಘಟ್ಟದ ರಸ್ತೆಯಲ್ಲಿ ಗಾಡಿಗಳ ಸಾಲು ಇಳಿದುದು ಮಂಗಳೂರಿಗೆ. ಕಾಫಿಯನ್ನು ಒಣಗಿಸಿ ಹಸನುಮಾಡಿ ಹಡಗಿಗೇರಿಸುವ ಕಾರ್ಖಾನೆಗಳು ಎದ್ದುದು ಮಂಗಳೂರಿನಲ್ಲಿ. 1907ರಲ್ಲಿ ರೈಲು ಬಂದುದೂ ಮಂಗಳೂರಿಗೆ. ಕುಂದಾಪುರ ಸೀಮೆಗೆ ರೈಲು ಬಂದುದು ಅದಾದ ತೊಂಬತ್ತು ವರ್ಷಗಳ ಮೇಲೆ. 1998ರಲ್ಲಿ ಪೂರ್ಣವಾದ ಕೊಂಕಣ ಮಾರ್ಗದ ಕುಂದಾಪುರ ನಿಲ್ದಾಣವು ಬಸರೂರಿಗೆ ಸಮೀಪದ ಮೂಡ್ಲಕಟ್ಟೆಯಲ್ಲಿದೆಯೆಂಬುದೊಂದು ವಿನೋದ.

ಈಗ ಮನೆಗಳ ಪ್ರಶ್ನೆಗೆ ಬರೋಣ. ಚೀನದಲ್ಲಿ, ಶಾಂಘೈ ನಗರಕ್ಕೆ ಅನತಿದೂರದಲ್ಲಿ, ಝೌಝುವಾಂಗ್ ಎಂಬ ನೀರಿನ ಪಟ್ಟಣವಿದೆ. ಅಲ್ಲಿ ಬೀದಿಗಳ ಬದಲು ಕಾಲುವೆಗಳು, ಗಾಡಿಗಳ ಬದಲು ದೋಣಿಗಳು. ಅಲ್ಲಿಯ ಶೆನ್ ಮನೆತನದ ಸೌಧವು 1742ರಲ್ಲಿ ಕಟ್ಟಿದುದು. ಒಂದರ ಹಿಂದೊಂದು ಅಂಗಳಗಳು, ನೂರು ಕೋಣೆಗಳು. ಝಾಂಗ್ ಮನೆತನದ ಇನ್ನೂ ಹಳೆಯ ಸೌಧದಲ್ಲಿ ಕಾಲುವೆಯೇ ಮನೆಯೊಳಗೆ ಹರಿಯುವುದರಿಂದ, ಪಲ್ಲಕ್ಕಿಯು ಮುಂಬಾಗಿಲಿನಿಂದ ಬಂದರೆ ದೋಣಿಯು ಮನೆಯ ನಡುವಿನಿಂದಲೇ ಹೋಗುವುದೆಂದು ಅಲ್ಲಿಯವರು ಹೆಮ್ಮೆಪಡುವರು. ಶೆನ್ ಮನೆತನದ ಮೂಲಪುರುಷನಾದ ಶೆನ್ ವಾನ್‌ಸಾನನು 14ನೆಯ ಶತಮಾನದ ದೊಡ್ಡ ವರ್ತಕ. ನಾನ್‌ಜಿಂಗ್ ನಗರದ ಕೋಟೆಗೋಡೆಯ ಮೂರನೆಯ ಒಂದು ಪಾಲನ್ನು ಇವನು ಸ್ವಂತ ಹಣದಿಂದ ಕಟ್ಟಿಸಿಕೊಟ್ಟನೆಂದೂ, ತನಗಿಂತ ಸಿರಿವಂತನಾದ ಪ್ರಜೆಯನ್ನು ಸಹಿಸಲಾರದ ಚಕ್ರವರ್ತಿಯು ಅವನನ್ನು ದೂರದ ಯುನ್ನಾನಿಗೆ ಗಡಿಪಾರು ಮಾಡಿದನೆಂದೂ ಕಥೆ. ಕಥೆಯು ನಿಜವೋ ಸುಳ್ಳೋ, ವರ್ತಕರಿಗೆ ರಾಜರ ವಿಷಯದಲ್ಲಿ ಇದ್ದ ಭಯವು ಅಲ್ಲಿಯೂ ಇಲ್ಲಿಯೂ ಒಂದೇ ಎಂಬುದಕ್ಕೆ ಇದು ಸಾಕು.

ಆದರೆ ಶೆನ್ನರ ಸೌಧವು ನಿಂತಿದೆ. ಬಸರೂರಿನಲ್ಲಿ ಹಲರ ಕಾಲದ ಒಂದು ಮನೆಯೂ ನಿಂತಿಲ್ಲ. ಇದಕ್ಕೆ ಹವೆಯನ್ನು ದೂರುವುದು ಸುಲಭ. ಮುರಕಲ್ಲು, ಮಣ್ಣು, ಮರ, ಹುಲ್ಲು – ಕರಾವಳಿಯ ಮಳೆಗೆ ಇವು ಎಷ್ಟು ಕಾಲ ತಡೆದಾವು? ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯುವವರೆಗೆ ಈಗಿನ ಕೆಂಪು ಹಂಚು ಅಲ್ಲಿ ಇರಲಿಲ್ಲ. ಇಷ್ಟಾದರೂ ಹವೆಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಲೂಟಿಯ ಭಯವುಳ್ಳ ವರ್ತಕನು ಸಂಪತ್ತನ್ನು ಕಣ್ಣಿಗೆ ಕಾಣುವ ಗೋಡೆಯಲ್ಲಿ ಇಡುವುದಿಲ್ಲ; ಹೊನ್ನಿನಲ್ಲಿ, ಹಡಗಿನಲ್ಲಿ, ಸಾಲಪತ್ರದಲ್ಲಿ ಇಡುತ್ತಾನೆ. ಶಾಶ್ವತವಾಗಿ ಇಡಬೇಕೆಂದಾಗ ದೇವರ ಹೆಸರಿನಲ್ಲಿ ಇಡುತ್ತಾನೆ. ಭಟ್ಕಳದಲ್ಲಿ 16ನೆಯ ಶತಮಾನದ ವರ್ತಕ ಕೇತಪೈ ಎಂಬವನು ಕಟ್ಟಿಸಿದ ನಾರಾಯಣನ ಗುಡಿಯನ್ನು ನೋಡಿದವರಿಗೆ ಈ ಮಾತು ಅರ್ಥವಾಗುವುದು: ಗುಡಿಯ ಒಂದೊಂದು ಕಲ್ಲೂ ಚಿನಿವಾರನ ಆಭರಣದಂತಿದೆ, ಕೇತಪೈಯ ಮನೆಯನ್ನು ತೋರಿಸಬಲ್ಲವರು ಯಾರೂ ಇಲ್ಲ. ಬಸರೂರಿನ ಗುಡಿಗಳೂ ಹಾಗೆಯೇ. ಹಲರ ಸೌಧಗಳೆಲ್ಲಿ ಎಂದು ಕೇಳಿದವನು ದೇವಾಲಯಗಳ ಮುಂದೆಯೇ ನಿಂತುಕೊಂಡಿರುತ್ತಾನೆ.

ಝೌಝುವಾಂಗ್ ತಾನಾಗಿಯೇ ಉಳಿಯಿತೆಂದು ತಿಳಿಯಬಾರದು. 1980ರ ದಶಕದಲ್ಲಿ ಅಲ್ಲಿಗೂ ಹೊಸ ರಸ್ತೆ, ಹೊಸ ಕಟ್ಟಡಗಳ ಕಾಲ ಬಂದಿತ್ತು. ಶಾಂಘೈಯ ಟೋಂಗ್‌ಜಿ ವಿಶ್ವವಿದ್ಯಾನಿಲಯದ ಅಧ್ಯಾಪಕ ರುವಾನ್ ಯಿಸಾನ್ ಎಂಬವರು ಹಳೆಯ ಊರನ್ನು ಮುಟ್ಟದೆ ಹೊಸದನ್ನು ಬೇರೆಡೆ ಕಟ್ಟತಕ್ಕದ್ದೆಂದು ಯೋಜನೆ ಹಾಕಿಕೊಟ್ಟರು. ಚೆನ್ ಯಿಫೇಯೆಂಬ ಚಿತ್ರಗಾರನು 1984ರಲ್ಲಿ ಅಲ್ಲಿಯ ಜೋಡಿ ಸೇತುವೆಯನ್ನು ಬರೆದ ಚಿತ್ರವನ್ನು ಒಬ್ಬ ಅಮೆರಿಕನ್ ಉದ್ಯಮಿಯು ಕೊಂಡು ಚೀನದ ನಾಯಕ ದೆಂಗ್ ಶಿಯಾವೋಪಿಂಗರಿಗೆ ಕಾಣಿಕೆ ಕೊಟ್ಟನು. ಆ ಮೇಲೆ ಊರಿನ ಹೆಸರು ಜಗತ್ತಿಗೆಲ್ಲ ತಿಳಿಯಿತು. ಈಗ ಅಲ್ಲಿಗೆ ಬರುವ ಪ್ರವಾಸಿಗಳ ನೂಕುನುಗ್ಗಲೇ ಹೊಸದೊಂದು ಕಷ್ಟವಾಗಿದೆಯಂತೆ. ಇದನ್ನು ಬಾಬಾಬುಡನ್ ಗಿರಿಯ ರಸ್ತೆಯಲ್ಲಿ ಶನಿವಾರ ಭಾನುವಾರಗಳಂದು ವಾಹನಗಳ ಸಾಲನ್ನು ಕಾಣುವ ಅತ್ತಿಗುಂಡಿಯವರಿಗೆ ವಿವರಿಸಿ ಹೇಳಬೇಕಾದುದಿಲ್ಲ.

ನಮ್ಮಲ್ಲಿಯೂ ಅಂತಹ ಒಬ್ಬರಿದ್ದರು. 2017ರಲ್ಲಿ ತೀರಿಕೊಂಡ ಮಣಿಪಾಲದ ವಿಜಯನಾಥ ಶೆಣೈಯವರು, ಎಲ್ಲೆಲ್ಲಿ ಹಳೆಯ ಮನೆಗಳನ್ನು ಕೆಡವುತ್ತಿದ್ದರೋ ಅಲ್ಲಿಗೆ ಹೋಗಿ, ಕಂಬ ತೊಲೆ ಬಾಗಿಲುಗಳನ್ನು ಬಿಡಿಸಿ ತಂದು, ಮಣಿಪಾಲದಲ್ಲಿ ತಿರುಗಿ ಜೋಡಿಸಿ ನಿಲ್ಲಿಸಿದರು. ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನಮನೆಯೂ ಭಟ್ಕಳದ ನವಾಯತ ಮುಸಲ್ಮಾನರ ಮನೆಯೂ ಆ ಹಸ್ತಶಿಲ್ಪ ಸಂಗ್ರಹದಲ್ಲಿವೆ. ಹಲರ ಮನೆಯನ್ನೂ ಹಂಜಮಾನದ ಮನೆಯನ್ನೂ ಒಂದೇ ಅಂಗಳದಲ್ಲಿ ಕಾಣುವುದೆಂದರೆ ಇನ್ನು ಇಲ್ಲಿಯೇ. ಕಾಲದಿಂದ ಇವು ಬಹಳ ಈಚಿನವು, ಹಲರು ಕಟ್ಟಿದುವಲ್ಲ. ಆದರೂ ಜಗಲಿ, ಚಾವಡಿ, ನಡುವಿನ ಅಂಗಳ, ಮರದ ಮುಚ್ಚಿಗೆ, ಬತ್ತವನ್ನು ತುಂಬುವ ಕಣಜಗಳ ಕ್ರಮವನ್ನು ನೋಡಿದರೆ ಹಳೆಯ ಸೆಟ್ಟಿಯ ಮನೆಯು ಎಂತಿದ್ದಿರಬಹುದೆಂಬುದಕ್ಕೆ ಒಂದು ಆಧಾರವು ದೊರೆಯುತ್ತದೆ. ಊರಿನಿಂದ ಕಿತ್ತು ತಂದ ಮನೆಯು ಮನೆಯಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವುಂಟು. ಆದರೆ ಅವರು ಕೆಡಹುವ ದಿನ ಹೋಗಿ ಅಡ್ಡ ನಿಂತವರಲ್ಲ. ಮಲೆನಾಡಿನ ನಮ್ಮ ತೊಟ್ಟಿಮನೆಗಳ ಕಂಬಗಳು ಇಂದು ಎಲ್ಲೆಲ್ಲಿಯೋ ಹೋಟೆಲುಗಳ ಪಡಸಾಲೆಯಲ್ಲಿ ನಿಂತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅವುಗಳ ಊರು ಯಾವುದು, ಮನೆ ಯಾವುದು ಎಂಬ ಒಂದು ಚೀಟಿಯೂ ಅವುಗಳಿಗಿಲ್ಲ.

ಬಸರೂರಿನ ಕಲ್ಲುಗಳಿಗಾದರೋ ಚೀಟಿ ಇದೆ. ಅಕ್ಷರವೇ ಮೈಮೇಲೆ ಕೆತ್ತಿದೆ. ತುಳುನಾಡಿನ ಚರಿತ್ರೆಯನ್ನು ಊರೂರು ಅಲೆದು ಸಂಗ್ರಹಿಸಿ 1975ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಪಾದೂರು ಗುರುರಾಜ ಭಟ್ಟರೂ, ಅವರಿಗಿಂತ ಮುಂಚೆ ಭಾಸ್ಕರ ಆನಂದ ಸಾಲೆತೊರೆಯವರೂ ಈ ಭಾಗದಲ್ಲಿ ಪಟ್ಟ ಶ್ರಮದಿಂದ ನಮಗೆ ಇಷ್ಟಾದರೂ ಓದಲು ಸಾಧ್ಯವಾಗಿದೆ. ಹೋಗತಕ್ಕವರು ದೀಪಾವಳಿಯ ಮೇಲೆ ಹೋಗುವುದು ಉತ್ತಮ. ಮಳೆ ನಿಂತು ಕಲ್ಲಿನ ಮೇಲಿನ ಪಾಚಿ ಒಣಗಿರುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುವುವು, ಮಧ್ಯಾಹ್ನವಾದರೆ ಕಾಣವು. ಮೊದಲು ಮಹಾಲಿಂಗೇಶ್ವರನನ್ನು ನೋಡಿ, ಬಳಿಕ ಕೇರಿಗಳನ್ನು ಕಾಲ್ನಡಿಗೆಯಲ್ಲಿಯೇ ಸುತ್ತಿ, ಕಡೆಗೆ ತುಳುವೇಶ್ವರಕ್ಕೆ ಬರಬೇಕು. ಹೊಳೆಯ ದಂಡೆಗೆ ಉಬ್ಬರದ ಹೊತ್ತನ್ನು ಕೇಳಿಕೊಂಡು ಹೋಗಬೇಕು; ಹೊಳೆಯು ಹಿಂದಕ್ಕೆ ಹರಿಯುವುದನ್ನು ಘಟ್ಟದ ಮೇಲಿನವರು ನೋಡಿರುವುದಿಲ್ಲ.